ಗುಲಾಬಕ್ಕನ ಕರುಂ ಕುರುಂ

ಹಲ್ಲಿನ ಸೆಟ್ ಹಾಕಿಸಿಕೊಂಡ ದಿನ ಕುಂದಾಪುರದಿಂದ ಬಸ್ರೂರಿನವರೆಗೂ ನಾನು ಬಸ್ಸಿನಲ್ಲಿ ನಗುತ್ತಲೇ ಬಂದೆ. ಚಿಲ್ಲರೆ ಇಲ್ಲವೆಂದು ಗೊಣಗಿದ ಕಂಡಕ್ಟರನಿಗೂ ನಕ್ಕೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ತುಟಿ ಮುಚ್ಚಿ ಅಗಿಯುವುದು, ನುಂಗಿದ ಮೇಲಷ್ಟೇ ಮಾತಾಡುವುದು, ಎಲ್ಲ ಸಿಸ್ಟರುಗಳು ಕಲಿಸಿದ ಪಾಠ. ನನಗೆ ಇದೇನು ಮಹಾ!

ಮನೆಗೆ ಬಂದು ಗಂಜಿ ಬಾಯಿಗಿಟ್ಟೆ. ನುಂಗುವುದು ಹೇಗೆಂದೇ ಮರೆತುಹೋಗಿತ್ತು. ಮೇಲಿನ ಸೆಟ್ ಅಂಗುಳನ್ನೆಲ್ಲ ಮುಚ್ಚಿದ್ದರಿಂದ ತುತ್ತು ದೊಡ್ಡದೋ ಸಣ್ಣದೋ, ಬಿಸಿಯೋ ತಣ್ಣಗೋ ಒಂದೂ ತಿಳಿಯದು. ಗಂಟಲ ಬಾಗಿಲಲ್ಲಿ ಯಾರೋ ಚಾಪೆ ಹಾಸಿ ಮಲಗಿದ ಹಾಗೆ. ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳಹೊರಟರೆ ಕೆಳಗಿನ ಸೆಟ್ ತಾನೂ ಬರುತ್ತೇನೆಂದು ಎದ್ದು ನಿಲ್ಲುತ್ತಿತ್ತು.

ಇದನ್ನೆಲ್ಲ ಸಹಿಸಬಹುದಿತ್ತು, ತಲ್ಲೂರಿನ ಗುಲಾಬಕ್ಕ ಇಲ್ಲದಿದ್ದರೆ. ಅವರು ನನ್ನ ಓರಗಿತ್ತಿ. ಅದೇ ಡಾಕ್ಟರ ಹತ್ತಿರ, ನನ್ನ ಹಿಂದೆಯೇ ಸೆಟ್ ಹಾಕಿಸಿಕೊಂಡವರು. ಒಂದು ಭಾನುವಾರ ಅಲ್ಲಿ ಊಟ ಮಾಡಿಬಂದ ನಮ್ಮ ಯಜಮಾನರು ಚಪ್ಪಲಿ ಬಿಡುವ ಮೊದಲೇ ವರದಿ ಒಪ್ಪಿಸಿದರು: "ಅತ್ತಿಗಿ ರೊಟ್ಟಿ ತಿಂಬುದ್ ಕಾಣ್ಕ್ ಮಾರಾಯ್ತಿ. ಕರುಂ ಕುರುಂ ಶಬ್ದ ಜಗಲಿಗೆ ಕೇಂತಿತ್ತ್."

ನಮ್ಮ ಕಡೆಯ ರೊಟ್ಟಿ ಎಂದರೆ ಕಾಗದದಷ್ಟು ತೆಳು, ಹಂಚಿನಷ್ಟು ಗರಿಗರಿ. ಅದಕ್ಕೆ ಕೋಳಿ ಸಾರು. ಗಂಜಿಯ ಬಿಸಿ ತಿಳಿಯದ ನನಗೆ ಹೊಟ್ಟೆಯ ಕಿಚ್ಚು ಮಾತ್ರ ಸ್ಪಷ್ಟವಾಗಿ ತಿಳಿಯಿತು.

ಅಂದಿನಿಂದ ಡಾಕ್ಟರ ಮಾತು ವೇದವಾಯಿತು. ನೆಟ್ಟಗೆ ಕೂತು, ಸಣ್ಣ ಸಣ್ಣ ತುತ್ತನ್ನು ಎರಡೂ ಬದಿಗೆ ಹಂಚಿ ಅಗಿದು, ತುಟಿ ಮುಚ್ಚಿ ನುಂಗಿ, ಒಂದು ಗುಟುಕು ನೀರು ಕುಡಿಯುವುದು. ನಾಲಿಗೆ ಪಳಗಲೆಂದು ಪೇಪರನ್ನು ಗಟ್ಟಿಯಾಗಿ ಓದುವುದು. 'ಸಾಸ್ತಾನ' ಎಂಬ ಊರಿನ ಹೆಸರು ಓದಿದರೆ ಕುಕ್ಕರ್ ಕೂಗಿದಂತಾಗಿ ಯಜಮಾನರು ಒಲೆ ಆರಿಸಲು ಏಳುತ್ತಿದ್ದರು. ಅಂತೂ ಬಾಳೆಹಣ್ಣಿನಿಂದ ಇಡ್ಲಿಗೆ, ಇಡ್ಲಿಯಿಂದ ಮೀನಿಗೆ ಬಡ್ತಿ ಪಡೆದೆ.

ಅಷ್ಟರಲ್ಲಿ ಬ್ರಹ್ಮಾವರದಿಂದ ಹೊಸ ಬೀಗರು ಊಟಕ್ಕೆ ಬಂದರು. ಗುಲಾಬಕ್ಕನೂ ಬಂದರು. ಊಟಕ್ಕೆ ಅದೇ ರೊಟ್ಟಿ, ಕೋಳಿ ಸಾರು. ನಿನಗೆ ಬೇರೆ ಮೆತ್ತಗಿನ ನೀರುದೋಸೆ ಮಾಡಿಕೋ ಎಂದು ಯಜಮಾನರು ಗುಟ್ಟಾಗಿ ಸೂಚಿಸಿದರು. ಗುಲಾಬಕ್ಕನ ಎದುರು ನೀರುದೋಸೆಯೇ? ನಾನು ಒಪ್ಪಲಿಲ್ಲ.

ಊಟಕ್ಕೆ ಕೂತಾಯಿತು. ಪಕ್ಕದಲ್ಲೇ ಗುಲಾಬಕ್ಕ, ಬಾಯಿಗೆ ಸೆರಗು ಅಡ್ಡ ಹಿಡಿದು, ಎಲೆಯ ಮೇಲೆ ಬಗ್ಗಿದ್ದರು. ಕರುಂ. ಕುರುಂ. ನನಗೆ ತಡೆಯಲಾಗಲಿಲ್ಲ. ಅಂಗೈಯಷ್ಟು ಒಣ ರೊಟ್ಟಿ ಮುರಿದು, ಸಾರನ್ನೂ ಮುಟ್ಟಿಸದೆ ಬಾಯಿಗಿಟ್ಟು ಕಚ್ಚಿದೆ. ನನ್ನದೂ ಕರುಂ ಎಂದಿತು! ಆ ವಿಜಯ ಅಲ್ಲಿಗೇ ಮುಗಿಯಿತು. ಒಂದು ಚೂರು ಕೆಳಗಿನ ಸೆಟ್ಟಿನ ಅಡಿಗೆ ನುಗ್ಗಿತು. ತುಟಿ ಬಿಗಿದು ನುಂಗಹೋದೆ, ಕೆಮ್ಮು ಬಂತು. ಬಾಯಿ ತೆರೆಯಿತು. ಸಾರಿನ ಬಟ್ಟಲಿನಲ್ಲಿ ಏನೋ ಬುಳಕ್ ಎಂದಿತು.

ಬೀಗಿತಿ ತುಂಬ ಮರ್ಯಾದೆಯವರು. ಮೆಲ್ಲಗೆ ಹೇಳಿದರು: "ಅಕ್ಕ, ನಿಮ್ ಬಟ್ಲಂಗೆ ಎಂತದೋ ನೆಗಾಡ್ತಿತ್ತ್."

ನಾನು ಬಟ್ಟಲು ಎತ್ತಿಕೊಂಡು ಅಳುತ್ತ ಅಡುಗೆಮನೆಗೆ ಓಡಿದೆ. ಹಿಂದೆಯೇ ಬಂದ ಗುಲಾಬಕ್ಕ ಸೆರಗಿನ ತುದಿಯ ಗಂಟು ಬಿಚ್ಚಿದರು. ಒಳಗೆ ಅವರ ಸೆಟ್, ಮೇಲಿನದೂ ಕೆಳಗಿನದೂ!

"ಮರ್ಕುದ್ ಎಂತಕೆ ಹೆಣೆ? ನಂದ್ ಇಲ್ಲಿತ್ತ್ ಕಾಣ್."

"ಮತ್ತೆ ಆ ಕರುಂ ಕುರುಂ?"

"ಅದ್ ಕೈಯಂಗೆ ರೊಟ್ಟಿ ಪುಡಿ ಮಾಡ್ದ್ ಶಬ್ದ. ಈ ಸಾಮಾನ್ ಬಾಯಂಗಿದ್ರೆ ನಂಗೆ ಎಂಜ್ಲೂ ನುಂಗುಕಾತಿಲ್ಲ. ಬಸ್ಸಿಗೆ ಹೋಪತಿಗೆ ಹಾಯ್ಕಂಬುದ್, ಫೋಟ ತೆಗುವತಿಗೆ ಹಾಯ್ಕಂಬುದ್. ನೀನ್ ಹಾಯ್ಕಂಡೇ ಉಂಬುದ್ ಕಂಡ್ ನಂಗೇ ಹೊಟ್ಟಿಕಿಚ್ಚ್."

ಆ ಮಾತು ಕೇಳಿ ಹೊಟ್ಟೆ ತಣ್ಣಗಾಯಿತು. ಈಗ ರೊಟ್ಟಿಯನ್ನು ಸಾರಿನಲ್ಲಿ ಚೆನ್ನಾಗಿ ನೆನೆಸಿ, ಎರಡೂ ಬದಿ ಅಗಿದು, ಸಲೀಸಾಗಿ ನುಂಗುತ್ತೇನೆ. ಬಾಯಲ್ಲಿ ಸೆಟ್ ಇರುವುದೇ ಮರೆತುಹೋಗುತ್ತದೆ. ಆದರೆ ಮೊನ್ನೆ ತಲ್ಲೂರಿನಲ್ಲಿ ನಾನು ಕಾನ್ವೆಂಟಿನ ಶಿಸ್ತಿನಲ್ಲಿ ಮೊದಲ ರೊಟ್ಟಿ ಮುಗಿಸುವಷ್ಟರಲ್ಲಿ ಗುಲಾಬಕ್ಕ ಬರೀ ವಸಡಿನಲ್ಲಿ ಎಲೆ ಖಾಲಿ ಮಾಡಿ, ಕೋಳಿಯ ಕಾಲಿಗೆ ಕೈ ಹಾಕಿದ್ದರು.

ವಸಡಿನ ಸೆಟ್ ಕಟ್ಟಿಕೊಡುವ ಡಾಕ್ಟರು ಎಲ್ಲಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. ಗುಲಾಬಕ್ಕನಿಗೆ ಹೇಳಬೇಡಿ.