ನೋಡುವವರೇ ಹೆಚ್ಚಾದ ಕೌದಿ

ಒಬ್ಬಂಟಿಯಾದವನು ವ್ಯಾಪಾರಕ್ಕೆ ಇಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅವನಿಗೆ ಯಾರಾದರೂ ಬಂದರೆ ಸಾಕಾಗಿರುತ್ತದೆ. ಬಂದವರು ಏನಾದರೂ ಕೊಳ್ಳಬೇಕೆಂಬುದು ನೆನಪೇ ಇರುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಹುಬ್ಬಳ್ಳಿ ಉಣಕಲ್ಲಿನ ನನ್ನ ಮನೆಯಲ್ಲಿ ದನಿ ತೆಗೆಯುತ್ತಿದ್ದುದು ಕುಕ್ಕರ್ ಒಂದೇ. ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತಿತ್ತು. ಹೊತ್ತು ಹೋಗಲೆಂದು, ಪಕ್ಕದ ಮನೆಯ ಗಿರಿಜವ್ವ ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿಯುವ ಕೌದಿಗಳನ್ನು ಇಂಟರ್ನೆಟ್ಟಿನಲ್ಲಿ ಮಾರಿಕೊಡುತ್ತೇನೆಂದು ಮುಂದಾದೆ. ಆಕೆಗೆ ಅದು ಹೊತ್ತು ಕಳೆಯುವ ಮಾತಲ್ಲ, ಹೊಟ್ಟೆಪಾಡು.

ದುರ್ಗದಬೈಲಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅಕ್ಕನ ಮಗ ವೀರೇಶ ಎಲ್ಲ ಏರ್ಪಾಡು ಮಾಡಿದ. ಕೌದಿಗಳಿಗೊಂದು ಪುಟ, ಅದರಲ್ಲಿ ನನ್ನ ಫೋನ್ ನಂಬರು, ಮತ್ತೆ ಅಲ್ಲಲ್ಲಿ ಕಾಣಿಸುವ ಪುಟ್ಟ ಜಾಹೀರಾತು. ಯಾರಾದರೂ ಅದನ್ನು ಒತ್ತಿದರೆ ಪುಟ ತೆರೆಯುತ್ತದೆ, ನನ್ನ ಕಿಸೆ ಹಗುರಾಗುತ್ತದೆ. "ಒತ್ತಿದ್ದಕ್ಕ ರೊಕ್ಕ ಮಾಮಾ, ಕೊಂಡಿದ್ದಕ್ಕಲ್ಲ," ಎಂದು ಮೊದಲೇ ಎಚ್ಚರಿಸಿದ್ದ. ಸೀರೆ ಮುಟ್ಟಿ, ತಿರುವಿ, ದರ ಕೇಳಿ, ಮುಖ ಸಿಂಡರಿಸಿ ಹೋಗುವವರಿಗೆಲ್ಲ ಅಂಗಡಿಯವನೇ ಕೈಯಿಂದ ರೊಕ್ಕ ಕೊಡಬೇಕೆಂದರೆ ಅವನ ಅಂಗಡಿಯ ಸುತ್ತಲಿನ ಬಜಾರವೇ ಮುಚ್ಚೀತು.

ಮೊದಲು ಜಾಹೀರಾತಿನಲ್ಲಿ ಗಿರಿಜವ್ವನ ಕೌದಿಯ ಚಿತ್ರವೇ ಇತ್ತು. ಒತ್ತುವವರು ಕಡಿಮೆ, ಆದರೂ ಆಗೊಂದು ಈಗೊಂದು ಆರ್ಡರು ಬರುತ್ತಿತ್ತು. ನೋಡುವವರು ಇಷ್ಟೇ ಮಂದಿಯೆಂದರೆ ನನಗೆ ತಡೆಯಲಿಲ್ಲ. ನನ್ನ ಹಾಸಿಗೆಯ ಮೇಲಿದ್ದ ಕೌದಿಯ ಫೋಟೋ ತೆಗೆದು ಹಾಕಿಸಿದೆ. ಅದು ನನ್ನಾಕೆ ಹೊಲಿದದ್ದು: ಇಳಕಲ್ ಸೆರಗು, ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ನಾನು ತೊಟ್ಟು ಹೋಗುತ್ತಿದ್ದ ನೀಲಿ ಅಂಗಿ, ಮೂಲೆಯಲ್ಲಿ ಏಕೋ ಏನೋ ಒಂದು ಹಸಿರು ತುಂಡು. ಒತ್ತುವವರು ದಿನದಿಂದ ದಿನಕ್ಕೆ ಏರಿದರು. ಬೆಳಗಾದರೆ ಚಹಾಕ್ಕಿಂತ ಮೊದಲು ಆ ಅಂಕಿ ನೋಡುವುದು ನನ್ನ ಪೂಜೆಯಾಯಿತು. ಅಷ್ಟು ಮಂದಿ ನಮ್ಮ ಮದುವೆಗೂ ಬಂದಿರಲಿಲ್ಲ. ಆರ್ಡರು ಮಾತ್ರ ಇಳಿಯುತ್ತ ಇಳಿಯುತ್ತ ನಿಂತೇ ಹೋಯಿತು.

ಕಾರಣ ತಿಳಿದದ್ದು ಪುಣೆಯಿಂದ ಫೋನ್ ಮಾಡಿದ ಒಬ್ಬ ಹೆಣ್ಣುಮಗಳಿಂದ. ಧಾರವಾಡ ಅವರ ತವರು.

"ಜಾಹೀರಾತಿನ್ಯಾಗ ಐತಲ್ರಿ, ಮೂಲ್ಯಾಗ ಹಸಿರು ತುಂಡಿಂದು, ಅದ ಬೇಕ್ರಿ ನನಗ."

"ಅದು ಮಾರಾಕಲ್ರಿ. ಬ್ಯಾರೇವು ಛಲೋ ಅದಾವು, ನೋಡ್ರಿ."

"ಮಾರಾಕಲ್ಲಂದ್ರ ಮಂದಿಗೆ ಯಾಕ ತೋರಸ್ತೀರಿ?"

ಫೋನ್ ಇಟ್ಟ ಮೇಲೆ ಹೊಳೆಯಿತು. ಬಂದವರೆಲ್ಲ ಅದೊಂದನ್ನೇ ಹುಡುಕಿ ಹಿಂತಿರುಗುತ್ತಿದ್ದರು. ನನ್ನಾಕೆಯ ಕೈಕೆಲಸವನ್ನು ನಾನಲ್ಲದೆ ಇನ್ನೂ ಯಾರೋ ನೋಡುತ್ತಿದ್ದಾರೆ ಎಂಬುದೇ ನನಗೊಂದು ಜೊತೆಯಾಗಿತ್ತು. ಆ ಜೊತೆಗೆ ನಾನು ರೊಕ್ಕ ಕಟ್ಟುತ್ತಿದ್ದೆ, ಗಿರಿಜವ್ವ ಉಪವಾಸ ಬೀಳುತ್ತಿದ್ದಳು.

ಮುಚ್ಚಿಡದೆ ಆಕೆಗೆ ಹೇಳಿದೆ. ಹೊಲಿಗೆ ಕೆಳಗಿಟ್ಟಳು. "ಅಣ್ಣಾರ, ಆ ಕೌದಿ ಮಾರ್ರಿ, ಇಲ್ಲಾ ಮನ್ಯಾಗ ಇಟ್ಕೋರಿ. ಹಿಂಗಾದ್ರ ನಾ ಖಾನಾವಳಿಗೆ ರೊಟ್ಟಿ ಬಡ್ಯಾಕ ಹೊಕ್ಕೇನ್ರಿ."

ಅಂದೇ ಚಿತ್ರ ಬದಲಾಯಿಸಿದೆವು. ಒತ್ತುವವರು ಇಳಿದರು, ಕೊಳ್ಳುವವರು ಬಂದರು. ವೀರೇಶ ತನ್ನ ಬುದ್ಧಿವಂತಿಕೆಯೆಂದು ಬೀಗಿದ. ಗಿರಿಜವ್ವನ ಸೂಜಿಗೆ ಬಿಡುವಿಲ್ಲದಾಯಿತು. ನನ್ನ ಬೆಳಗುಗಳು ಮಾತ್ರ ಮತ್ತೆ ಖಾಲಿ ಖಾಲಿ.

ಒಂದು ಸಂಜೆ ಪುಣೆಯವರದೇ ಫೋನು. "ಆ ಕೌದಿ ಕಾಣವಲ್ದಲ್ರಿ. ಮಾರಿಬಿಟ್ರೇನು?"

"ಇಲ್ರಿ, ಮನ್ಯಾಗ ಐತಿ."

"ಅದನ್ನ ಯಾರು ಹೊಲದಾರ್ರಿ?"

ಹಾಗೆ ಅದುವರೆಗೆ ಒಬ್ಬರೂ ಕೇಳಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತೆ, ಹೇಳತೊಡಗಿದೆ. ಅವರೂ ಸಾಕೆನ್ನಲಿಲ್ಲ. ಆ ಹೊತ್ತಿನಲ್ಲಿ ಪ್ರಯತ್ನಿಸಿದ ಬೇರೆ ಗಿರಾಕಿಗಳಿಗೆ ಲೈನ್ ಸಿಕ್ಕಿರಲಿಕ್ಕಿಲ್ಲ. ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ಗಿರಿಜವ್ವ ನಿಂತಿದ್ದಳು.

"ಆಗಿಂದ ಮಾತಾಡಾಕತ್ತೀರಲ್ರಿ ಅಣ್ಣಾರ, ಎಷ್ಟ ಕೌದಿ ಬೇಕಂತ?"

"ಒಂದೂ ಬ್ಯಾಡಂತವಾ," ಅಂದೆ. ಆ ಮಾತನ್ನು ಅಷ್ಟು ಖುಷಿಯಿಂದ ಹೇಳಿದ ವ್ಯಾಪಾರಿ ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೊಬ್ಬನಿರಲಾರ.