ಮಾವನ ಗುಮಾನಿ ಪುಸ್ತಕ

ದೇವರೇ ಎದುರಿಗೆ ಬಂದು ನಿಂತರೂ ನಮ್ಮ ಸೋದರಮಾವ ಮೊದಲು ಗುರುತಿನ ಚೀಟಿ ಕೇಳಿಯಾರು! ಹೊಳೆನರಸೀಪುರದ ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು, ಒಂಟಿ ಮನುಷ್ಯ. ಬಸ್ಸಿಗೆ 'ಹಾಸನ' ಎಂದು ಬೋರ್ಡಿದ್ದರೂ ಕಂಡಕ್ಟರನ್ನು ಕೇಳಿ, ಡ್ರೈವರನ್ನು ಕೇಳಿ, ಇಬ್ಬರೂ ಒಳಗೊಳಗೇ ಸೇರಿಕೊಂಡಿರಬಹುದೆಂದು ಪಕ್ಕದವರನ್ನೂ ಕೇಳುತ್ತಿದ್ದರು. ಅವರು ಪೂರಾ ನಂಬಿದ್ದ ಒಂದೇ ಜೀವವೆಂದರೆ ಅವರ ಬಿಳಿ ಬೆಕ್ಕು. ಅದನ್ನು ಮಡಿಲಲ್ಲಿ ಮಲಗಿಸಿಕೊಂಡೇ ಉತ್ತರಪತ್ರಿಕೆ ತಿದ್ದುತ್ತಿದ್ದರು.

ತೊಂಬತ್ತರ ದಶಕ. ಹತ್ತು ವರ್ಷದ ನನಗೆ ಉಬ್ಬಸ ಶುರುವಾಯಿತು. ಉಸಿರು ಸಿಕ್ಕದೆ ಗೋಡೆ ಹಿಡಿದು ಕೂರುತ್ತಿದ್ದೆ. "ಅಲರ್ಜಿ. ಯಾವುದರಿಂದ ಅಂತ ಗಮನಿಸಿ" ಎಂದರು ಡಾಕ್ಟರು. ಗಮನಿಸುವುದೇ? ಮಾವನ ಜನ್ಮ ಸಾರ್ಥಕವಾಯಿತು! ಮೊದಲಿಂದಲೂ ಪ್ರತಿ ಭಾನುವಾರ ಹಾಸನದ ನಮ್ಮ ಮನೆಗೆ ಬರುತ್ತಿದ್ದವರು ಈಗ ನೋಟ್‌ಬುಕ್ ಹಿಡಿದು ಹಾಜರು.

"ಕೇಳು ಪುಟ್ಟೀ, ನಿನ್ನ ರಕ್ತದಲ್ಲಿ ಸಹಾಯಕ ಟಿ ಕಣ ಅಂತ ಒಂಥರಾ ಬಿಳಿ ರಕ್ತಕಣ ಇರ್ತವೆ. ಎಳೇವಾಗಿದ್ದಾಗ ಏನೂ ಗೊತ್ತಿಲ್ಲದ ಪಾಪದವು. ಅಕ್ಕಪಕ್ಕದ ಕಣಗಳು ಸೈಟೊಕೈನ್ ಅನ್ನೋ ರಾಸಾಯನಿಕ ಕಳಿಸಿ ಅವಕ್ಕೆ ಚಾಡಿ ಹೇಳ್ತವೆ. ಒಂಥರಾ ಚಾಡಿ ಮುಟ್ಟಿದ್ರೆ ವೈರಸ್ ವಿರುದ್ಧ ನಿಲ್ಲೋ ಕಣ ಆಗ್ತದೆ. ಇನ್ನೊಂಥರಾದ್ದು ಮುಟ್ಟಿದ್ರೆ ಹೊಟ್ಟೆಹುಳ ಓಡಿಸೋ ಕಣ. ಈ ಎರಡನೇದು ಜಾಸ್ತಿ ಆಯ್ತೋ, ಬರೀ ಧೂಳು ಕಂಡ್ರೂ ಶತ್ರು ಬಂದ ಅಂತ ಮೈಯೆಲ್ಲ ಎಬ್ಬಿಸ್ತದೆ. ಸಾಲದು ಅಂತ ತಾನೂ ಅದೇ ಚಾಡಿ ಹೇಳಿ ಮಿಕ್ಕ ಎಳೇವನ್ನೂ ಕೆಡಿಸ್ತದೆ!"

"ಅಂದ್ರೆ ಥೇಟ್ ನಿಮ್ ಥರಾನೇ ಅಲ್ವಾ ಮಾವ?" ಎಂದೆ. ಅಮ್ಮ ನಕ್ಕುಬಿಟ್ಟಳು. ಅಮ್ಮನ ಹೆಸರೂ ನೋಟ್‌ಬುಕ್ ಸೇರಿತು.

ಮೊದಲ ಗುಮಾನಿ ಅಜ್ಜಿಯ ಸಾಂಬ್ರಾಣಿ ಮೇಲೆ. ಆಮೇಲೆ ನನ್ನ ದಿಂಬು. ಆಮೇಲೆ ಹಾಲಿನವನನ್ನು ಬಾಗಿಲಲ್ಲೇ ತಡೆದರು.

"ನಿನ್ನ ಎಮ್ಮೆ ಏನು ಮೇಯ್ತದಪ್ಪ?"

"ಉಲ್ಲು ಸಾ."

"ಯಾವ ಹುಲ್ಲು? ಸರಿಯಾಗಿ ಹೇಳು."

"ನಂಗೇನ್ ಗೊತ್ತು ಸಾ! ನಾಳೆ ಎಮ್ಮೇನೇ ಒಡ್ಕೊಂಡ್ ಬತ್ತೀನಿ, ನೀವೇ ಕೇಳ್ಕಳಿ!"

ಇಷ್ಟಾದರೂ ಉಬ್ಬಸ ಜಗ್ಗಲಿಲ್ಲ. ಒಂದು ಭಾನುವಾರ ಮಾವ ನೋಟ್‌ಬುಕ್ ತಿರುವುತ್ತಾ ತಾರೀಕುಗಳ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ಎಣಿಸಿದರು. ನನಗೆ ಉಸಿರು ಕಟ್ಟಿದ ದಿನಗಳೆಲ್ಲ ಭಾನುವಾರಗಳೇ! ತಮ್ಮ ಸ್ವೆಟರಿನ ತೋಳಿನಿಂದ ಒಂದು ಬಿಳಿ ಕೂದಲನ್ನು ಎಳೆದು ಬೆಳಕಿಗೆ ಹಿಡಿದು ನೋಡಿದರು. ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

ಎರಡು ಭಾನುವಾರ ಮಾವನ ಸುಳಿವಿಲ್ಲ. ನನ್ನ ತಮಾಷೆಗೆ ಮುನಿಸಿಕೊಂಡರೆಂದು ನಾವು ಅವರನ್ನೇ ಅನುಮಾನಿಸಿದೆವು. ನಾನಂತೂ ಅತ್ತುಬಿಟ್ಟೆ.

ಮೂರನೆಯ ಭಾನುವಾರ ಗೇಟಿನಾಚೆ ನಿಂತಿದ್ದರು. ಮಡಿಕೆಯ ಗೆರೆ ಕೂಡ ಹೋಗದ ಹೊಸ ಅಂಗಿ.

"ಒಳಗೆ ಬಾ ಅಣ್ಣ" ಎಂದಳು ಅಮ್ಮ.

"ಬೇಡ ಕಣೇ. ಬಟ್ಟೆ ಹೊಸದೇ, ಆದ್ರೂ ನನ್ಮೇಲೆ ನಂಗೇ ನಂಬಿಕೆ ಇಲ್ಲ. ಪುಟ್ಟೀ, ಅಲ್ಲಿಂದ್ಲೇ ಒಂದ್ಸಲ ಜೋರಾಗಿ ಉಸಿರು ಎಳಿ, ನೋಡಣ."

ಎಳೆದೆ. ಉಬ್ಬಸದ ಸಿಳ್ಳೆ ಸದ್ದಿಲ್ಲ.

"ಮಾವ, ಬೆಕ್ಕು?"

"ಜಿನನಾಥಪುರದ ಸ್ನೇಹಿತರ ಮನೇಲಿ ಬಿಟ್ಟು ಬಂದೆ." ಮಾವ ಮುಖ ಆಚೆ ತಿರುಗಿಸಿದರು. "ಸರಿಯಾಗಿ ನೋಡ್ಕೋತಾರೋ ಇಲ್ವೋ... ಅನುಮಾನ."

ನನಗೆ ತಡೆಯಲಾಗಲಿಲ್ಲ. "ಹತ್ರ ಬರ್ಬೇಡ ಕಣೇ!" ಎಂದು ಮಾವ ಕೂಗುತ್ತಿದ್ದರೂ ಓಡಿಹೋಗಿ ಅಪ್ಪಿಕೊಂಡೆ. ಮಾವ ತಮ್ಮ ಉಸಿರು ಬಿಗಿಹಿಡಿದು ನನ್ನ ಉಸಿರನ್ನು ಕೇಳಿಸಿಕೊಳ್ಳುತ್ತಾ ನಿಂತರು.