ಆಕಡಿ ನೋಡ್ರಿ

ಮುಖ ನೋಡಿ ಮಾತಾಡುವುದು ನನಗೆ ಬಾರದು. ಎದುರಿನವರ ಭುಜದ ಹತ್ತಿರ, ಅದೂ ಆಗದಿದ್ದರೆ ಅವರ ಹಿಂದಿನ ಗೋಡೆಯ ಕ್ಯಾಲೆಂಡರಿನ ಹತ್ತಿರ ಮಾತಾಡಿ ಮುಗಿಸುತ್ತೇನೆ. ಕಡಗಂಚಿಯಲ್ಲಿ ಓದುವಾಗ ಹಾಸ್ಟೆಲಿನ ಗೆಳತಿಯರು ನನ್ನನ್ನು ‘ಕ್ಯಾಲೆಂಡರ್’ ಎಂದೇ ಕರೆಯುತ್ತಿದ್ದರು. ಇಂಥವಳು ಭಾವಚಿತ್ರ ಬರೆಯಲು ಹೊರಟದ್ದಕ್ಕೆ ಕಾರಣವಿದೆ. ಹಲ್ಲಿನ ಡಾಕ್ಟರರನ್ನು ಬಿಟ್ಟರೆ, ಇನ್ನೊಬ್ಬರ ಮುಖವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಬೈಸಿಕೊಳ್ಳದ ಉದ್ಯೋಗ ಇದೊಂದೇ.

ಆದರೆ ದಿಟ್ಟಿಸಲು ಮುಖವೇ ಇಲ್ಲದಿದ್ದರೆ? ಇಜೇರಿಯ ಆಸ್ಪತ್ರೆಯ ಡಾಕ್ಟರರು ತಮ್ಮಲ್ಲಿದ್ದ ಶಾಂತಾಬಾಯಿ ಸಿಸ್ಟರ್ ಅವರ ಚಿತ್ರ ಬೇಕೆಂದಾಗ ನಾನು ಇದನ್ನು ಯೋಚಿಸಿರಲಿಲ್ಲ. ಊರಿಗೆಲ್ಲ ಸೂಜಿ ಹಾಕಿದ ಆಕೆ ಕೊರೊನಾದ ಎರಡನೇ ಅಲೆಯಲ್ಲಿ ತೀರಿಕೊಂಡಿದ್ದರು. ಸಿಕ್ಕ ಫೋಟೊಗಳಲ್ಲಿ ಒಂದು ನೌಕರಿಗೆ ಸೇರಿದಾಗಿನದು, ಅಂಚೆಚೀಟಿಯಷ್ಟು. ಉಳಿದವುಗಳಲ್ಲೆಲ್ಲ ಮಾಸ್ಕು. ಕಣ್ಣನ್ನು ಮಾಸ್ಕಿನ ಫೋಟೊದಿಂದ, ಬಾಯಿಯನ್ನು ಹಳೆಯದರಿಂದ ತೆಗೆದು ಜಾಣತನದಿಂದ ಇದ್ದಿಲಿನಲ್ಲಿ ಬರೆದೆ. ಅವರ ಮಗಳು ಸುಜಾತಾ ಬಂದು ನೋಡಿದಳು.

“ಅಕ್ಕಾರ, ಕಣ್ಣು ನಮ್ಮವ್ವಂದೇ. ಬಾಯಿ ಮಾತ್ರ ನನಗಿಂತ ಸಣ್ಣಾಕೀದು ಅದ.”

ನಗು ಬಂತು. ಅವಳೂ ನಕ್ಕಳು. ಆಮೇಲೆ, “ಕಡೀಕ ಮುಖ ತೋರಸ್ಲಿಲ್ರಿ. ಸುತ್ತಿ ಒಯ್ದುಬಿಟ್ರು. ಈಗ ಅವ್ವನ್ನ ನೆನಸ್ಕೊಂಡ್ರ ಬರೀ ಮಾಸ್ಕೇ ಕಾಣ್ತದ” ಅಂದಳು. ಆಗ ನಾನು ಕ್ಯಾಲೆಂಡರ್ ಹುಡುಕಿದೆ.

ಊರಿನವರನ್ನೇ ಕೇಳೋಣವೆಂದು ಹೊರಟೆ. ಎಲ್ಲರೂ ಆಕೆಯ ಮುಂದೆ ತೋಳು ಚಾಚಿ ಕೂತವರೇ. ಒಬ್ಬರಿಗೂ ಮುಖ ನೆನಪಿಲ್ಲ. ಯಾಕೆಂದರೆ ಸೂಜಿ ಎತ್ತುವ ಮೊದಲು ಶಾಂತಾಬಾಯಿ ಕಿಟಕಿಯತ್ತ ತೋರಿಸಿ, “ಆಕಡಿ ನೋಡ್ರಿ, ಕಾಗಿ ಬಂತು” ಅನ್ನುತ್ತಿದ್ದರಂತೆ. ಊರಿಗೆ ಊರೇ ಆ ಕಡೆ ನೋಡಿದೆ. ಕಿಟಕಿಯಾಚೆಯ ಬೇವಿನ ಗಿಡವನ್ನು ಎಲ್ಲರೂ ಟೊಂಗೆ ಟೊಂಗೆಯಾಗಿ ವರ್ಣಿಸಿದರು.

“ಕಾಗಿ ಬೇಕಾದ್ರ ಬರಕೋ ತಂಗಿ, ಒಂದು ರೆಕ್ಕಿ ಗಿಡ್ಡಿತ್ತು” ಎಂದ ಒಬ್ಬ ಮುದುಕ.

“ನೀ ಕಣ್ಣು ಮುಚ್ಚಿ ಚೀರತಿದ್ದಿ, ಕಾಗಿ ಯಾವಾಗ ನೋಡ್ದಿ?” ಎಂದಳು ಅವನ ಹೆಂಡತಿ.

ಬರಿಗೈಯಲ್ಲಿ ಬಂದು ಸುಜಾತಾಗೆ ಹೇಳಿದೆ. ಅವಳು ತನ್ನ ತೋಳು ಸವರಿಕೊಂಡಳು. “ನನಗೂ ಹಂಗೇ ಅಂತಿದ್ಲು. ಸಣ್ಣಾಕಿದ್ದಾಗ ಒಮ್ಮೆ ನಾ ಆಕಡಿ ನೋಡ್ಲಿಲ್ರಿ, ಆಕೀನ್ನೇ ನೋಡ್ದೆ. ಸೂಜಿ ನನಗ, ತುಟಿ ಕಚ್ಕೊಂಡಾಕಿ ಆಕಿ.” ಹೇಗೆಂದು ಕೇಳಿದೆ. ಅವಳು ತನ್ನ ಕೆಳದುಟಿ ಕಚ್ಚಿ ತೋರಿಸಿದಳು. ಹಾಗೇ ಇರು ಎಂದು ನಾನು ಅವಳ ಮುಖವನ್ನು ನೇರವಾಗಿ ನೋಡಿದೆ, ಇದ್ದಿಲು ಸವೆಯುವವರೆಗೆ ನೋಡಿದೆ. ಆ ತುಟಿಗೆ ವಯಸ್ಸನ್ನಷ್ಟೇ ಸೇರಿಸುವುದಿತ್ತು, ಅಂಚಿನಲ್ಲಿ ಎರಡು ಸುಕ್ಕು.

ಇದ್ದಿಲಿನ ಗೆರೆಗಳ ಮೇಲೆ ಬಳಿದ ಬಣ್ಣ ಆರಿದ ಮೇಲೆ ಚಿತ್ರ ನೋಡಿ ಡಾಕ್ಟರರು ತಲೆ ಕೆರೆದುಕೊಂಡರು. “ಸ್ವಲ್ಪ ನಗಸ್ರಿ ಮೇಡಂ. ಪೇಷಂಟ್ ಅಂಜತಾರ.”

“ಇರ್ಲಿ ಬಿಡ್ರಿ ಸಾಹೇಬ್ರ, ಇದೇ ನಮ್ಮವ್ವ” ಅಂದಳು ಸುಜಾತಾ. ವೇಲಿನ ತುದಿಯಿಂದ ಇಲ್ಲದ ಧೂಳನ್ನು ಅವ್ವನ ತುಟಿಯ ಮೇಲಿಂದ ಒರೆಸಿದಳು.

ಸೂಜಿ ಹಾಕುವ ಕೋಣೆಯಲ್ಲಿ, ಕಿಟಕಿಯ ಪಕ್ಕ ತೂಗುಹಾಕಬೇಕೆಂದು ಅವಳ ಆಸೆ. ಕಲಾವಿದೆಯೆಂಬ ಹಮ್ಮಿನಲ್ಲಿ ನಾನೇ ಕುರ್ಚಿ ಹತ್ತಿದೆ. ಚಿತ್ರ ತೂಗುಹಾಕಿ ಕೈ ತೆಗೆಯುವಾಗ ಗೋಡೆಯ ತುಕ್ಕು ಮೊಳೆ ಬೆರಳನ್ನು ಗೀರಿತು. “ಟಿಟಿ ಹಾಕ್ತೇನಿ, ಕುಂದರ್ರಿ” ಎಂದು ಹೊಸ ಸಿಸ್ಟರ್ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ತೋಳು ಹಿಡಿದು, “ಆಕಡಿ ನೋಡ್ರಿ” ಎಂದರು.

ನೋಡಿದೆ. ಕಾಗೆ ಇರಲಿಲ್ಲ. ಶಾಂತಾಬಾಯಿ ತುಟಿ ಕಚ್ಚಿಕೊಂಡಿದ್ದರು, ನನಗಾಗಿ.

“ಅಯ್ಯ, ಇನ್ನೂ ಚುಚ್ಚೇ ಇಲ್ರಿ! ಇಷ್ಟಕ್ಕ ಅಳ್ತಾರೇನ?” ಎಂದು ಸಿಸ್ಟರ್ ಗದರಿದರು.

“ಸೂಜಿ ಅಂದ್ರ ನನಗ ಭಾಳ ಅಂಜಿಕಿರಿ” ಎಂದೆ, ಅವರ ಭುಜಕ್ಕೆ.